ತಲೆಬರಹವಿಲ್ಲದ ಹಾಳೆ

ಸೌಮ್ಯಕ್ಕನನ್ನು ನಾನು ಮೊದಲು ನೋಡಿದ್ದು ನಮ್ಮ ಕಾಲೇಜಿನಲ್ಲಿ. ಸಮಾಜಕಾರ್ಯ ಓದುವ ನಾವೆಲ್ಲ ಎಂಟು ವಾರ ಯಾವುದಾದರೂ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕಿತ್ತು. ಅದಕ್ಕೆಂದು ನಾಲ್ಕೈದು ಸಂಸ್ಥೆಗಳವರನ್ನು ಕರೆಸಿ ಮಾತಾಡಿಸಿದ್ದರು. ಬೇರೆಯವರೆಲ್ಲ ಲ್ಯಾಪ್‌ಟಾಪ್ ಬಿಚ್ಚಿ ಗೋಡೆಯ ಮೇಲೆ ಫೋಟೋ ತೋರಿಸಿದರು. ಸೌಮ್ಯಕ್ಕ ಬರಿಗೈಯಲ್ಲಿ ಬಂದು ನಿಂತು, ಅಜ್ಜಂಪುರದ ಹತ್ತಿರದ ತಮ್ಮ ಊರಿನಿಂದ ಹೈಸ್ಕೂಲಿಗೆ ದಿನಾ ನಾಲ್ಕು ಮೈಲಿ ನಡೆದ ಕಥೆ ಹೇಳಿದರು. ಜೊತೆಗೆ ನಡೆಯುತ್ತಿದ್ದ ಇಬ್ಬರು ಗೆಳತಿಯರು ಒಂಬತ್ತನೇ ಕ್ಲಾಸಿಗೇ ಬಿಟ್ಟರಂತೆ. "ಆ ಇಬ್ರಿಗೋಸ್ಕರ ಈ ಕೆಲಸ ಮಾಡ್ತಿದೀನಿ," ಅಂದರು. ಅವತ್ತು ಸಂಜೆಯೇ ನಾನು ಅವರ ಸಂಸ್ಥೆಯ ಹೆಸರು ಬರೆದುಕೊಟ್ಟೆ.

ಮೊಳಕೆ ಶಿಕ್ಷಣ ಬಳಗ ಅಂತ ಹೆಸರು. ಕಡೂರಿನಲ್ಲಿ ಬೀಜ–ಗೊಬ್ಬರದ ಅಂಗಡಿಯೊಂದರ ಮೇಲೆ ಎರಡು ಕೋಣೆ. ಸೌಮ್ಯಕ್ಕ, ಕಂಪ್ಯೂಟರ್ ಮುಂದೆ ಕೂರುವ ಒಬ್ಬರು, ಇಬ್ಬರು ಕಾರ್ಯಕರ್ತೆಯರು, ಅಷ್ಟೇ ಜನ. ನಾನು ತರೀಕೆರೆಯಿಂದ ಬೆಳಗಿನ ರೈಲಿಗೆ ಬಂದು ಇಳಿಯುತ್ತಿದ್ದೆ. ಮೊದಲ ದಿನವೇ ಸೌಮ್ಯಕ್ಕ ತಮ್ಮ ಟಿಫಿನ್ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ನನ್ನ ಕಡೆ ತಳ್ಳಿದರು. "ಮೇಡಂ ಗೀಡಂ ಬೇಡ ಕಣೇ, ಅಕ್ಕ ಅನ್ನು," ಅಂದರು. ನಮ್ಮ ಮನೆಯಲ್ಲಿ ನಾನೇ ದೊಡ್ಡವಳು. ಅಕ್ಕ ಅಂತ ಕರೆಯುವುದಕ್ಕೆ ನನಗೆ ಯಾರೂ ಇರಲಿಲ್ಲ.

ನನಗೆ ಕೊಟ್ಟ ಊರು ಹುಲ್ಲೇನಹಟ್ಟಿ. ದೇವನೂರು ಕಡೆಯ ಬಸ್ಸಿನಲ್ಲಿ ಹೋಗಿ, ಟಾರ್ ರಸ್ತೆಯಲ್ಲಿ ಇಳಿದು, ಒಂದು ಹಳ್ಳ ದಾಟಿ ಒಂದೂವರೆ ಕಿಲೋಮೀಟರ್ ನಡೆಯಬೇಕು. ಮೂವತ್ತು ಮನೆ. ಒಂದರಿಂದ ಐದನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ, ಅದರಲ್ಲಿ ಹನ್ನೊಂದು ಮಕ್ಕಳು, ರುದ್ರಮೂರ್ತಿ ಅಂತ ಒಬ್ಬರೇ ಮೇಷ್ಟ್ರು. ಬಿಸಿಯೂಟ ಬೇಯಿಸುವ ಓಬಮ್ಮ. ಮಕ್ಕಳಿಗೆ ಓದು ಹೇಳಿಕೊಡುವುದು, ಮನೆಮನೆಗೆ ಹೋಗಿ ಸಮೀಕ್ಷೆ ಮಾಡುವುದು, ಕೊನೆಗೆ ವರದಿ ಬರೆಯುವುದು ನನ್ನ ಕೆಲಸ.

ಊರಿನವರು ಮೊದಮೊದಲು ನನ್ನನ್ನು ಹತ್ತಿರ ಸೇರಿಸಲಿಲ್ಲ. ಗಣತಿಯವಳೋ, ಸಾಲದ ಸಂಘದವಳೋ ಅಂದುಕೊಂಡರು. ದಾರಿ ಮಾಡಿಕೊಟ್ಟವರು ಓಬಮ್ಮ. ಅವರಿಗೆ ಐವತ್ತು ದಾಟಿರಬೇಕು. ಹದಿನಾರು ವರ್ಷದಿಂದ ಅದೇ ಒಲೆಯ ಮುಂದೆ ಇದ್ದವರು. ಊರಿನ ಅರ್ಧ ಹರೆಯದವರು ಅವರ ಕೈಯ ಸಾರು ಉಂಡೇ ಬೆಳೆದವರು. ಮೂರನೇ ದಿನ ಅವರು ನನ್ನ ಮುಂದೆಯೂ ಒಂದು ತಟ್ಟೆ ಇಟ್ಟರು.

"ನಮ್ ಸಾರು ತಿಂತೀಯೇನವ್ವ?"

"ಯಾಕ್ ತಿನ್ನಲ್ಲ?"

"ಕೇಳಿದ್ದು ಅಷ್ಟೇ. ಕೆಲವ್ರು ಡಬ್ಬಿ ತರ್ತಾರೆ, ತಂದು ನಮ್ ಮಕ್ಕಳ ಮುಂದೇನೇ ತಿರುಗಿ ಕೂತ್ಕೊಂಡು ತಿಂತಾರೆ."

ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಅವತ್ತು ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಓಬಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, "ನಡಿ, ಯಾವ್ ಮನೆಗೆ ಹೋಗ್ಬೇಕು ನೀನು?" ಅಂದರು. ಆಮೇಲೆ ಪ್ರತಿ ಮನೆಗೂ ಅವರು ಮುಂದೆ, ನಾನು ಹಿಂದೆ.

ಫೆಬ್ರವರಿಯಲ್ಲಿ ರಂಜಾನ್ ಶುರುವಾಯಿತು. ನಾನು ಯಾರಿಗೂ ಹೇಳಿರಲಿಲ್ಲ. ಎರಡು ದಿನ ತಟ್ಟೆ ಬೇಡ ಅಂದಿದ್ದು ನೋಡಿ ಓಬಮ್ಮ ಮೂರನೇ ದಿನ ಕೇಳಲೇ ಇಲ್ಲ. ಸಂಜೆ ಹೊರಟಾಗ ಮಾತ್ರ ಎರಡು ಬಾಳೆಹಣ್ಣು, ಪುರಿ ತುಂಬಿದ ಒಂದು ಪೊಟ್ಟಣ ಕೈಗಿಟ್ಟರು. "ನಿಮ್ಮೂರು ಮುಟ್ಟೋಕ್ ಮುಂಚೇನೇ ಹೊತ್ತು ಮುಳುಗ್ತದೆ. ರೈಲಲ್ಲಿ ಬಿಡು ಉಪವಾಸ," ಅಂದರು. ಆ ತಿಂಗಳು ಪೂರ್ತಿ ನಾನು ಬೀರೂರು–ತರೀಕೆರೆ ನಡುವೆ ಅವರು ಕೊಟ್ಟದ್ದನ್ನೇ ತಿಂದು ರೋಜಾ ಬಿಟ್ಟೆ. ಅಮ್ಮಿ ಒಂದು ಸಲ ಅವರಿಗೆಂದು ಖರ್ಜೂರ ಕಟ್ಟಿಕೊಟ್ಟಿದ್ದರು. ಓಬಮ್ಮ ಅದನ್ನು ಎಣಿಸಿ ಹನ್ನೊಂದು ಮಕ್ಕಳಿಗೂ ಹಂಚಿದರು.

ಊರಿನವರ ಬೇಡಿಕೆ ಒಂದೇ: ಇನ್ನೊಬ್ಬ ಮೇಷ್ಟ್ರು ಬೇಕು. ರುದ್ರಮೂರ್ತಿ ಮೇಷ್ಟ್ರು ಒಳ್ಳೆಯವರೇ. ಆದರೆ ಸಭೆ, ತರಬೇತಿ, ಚುನಾವಣೆ ಕೆಲಸ ಅಂತ ವಾರಕ್ಕೆರಡು ದಿನ ಇರುತ್ತಿರಲಿಲ್ಲ. ಆ ದಿನ ಓಬಮ್ಮನೇ ಒಂದು ಕಣ್ಣು ಒಲೆ ಮೇಲೆ, ಒಂದು ಕಣ್ಣು ಮಕ್ಕಳ ಮೇಲೆ ಇಟ್ಟು ಕಾಯುತ್ತಿದ್ದರು. ಇದನ್ನು ಸೌಮ್ಯಕ್ಕನಿಗೆ ಹೇಳಿದೆ. ಅವರು ತುಂಬ ಹೊತ್ತು ಕೇಳಿಸಿಕೊಂಡರು.

"ಎಲ್ಲಾ ಬರಿ. ಏನೇನ್ ಇಲ್ವೋ ಎಲ್ಲಾ. ಒಂದೂ ಬಿಡ್ಬೇಡ," ಅಂದರು.

ಬರೆದೆ. ಎರಡನೇ ಕೋಣೆಯ ಸೂರು ಸೋರುತ್ತದೆ. ಶೌಚಾಲಯಕ್ಕೆ ನೀರಿಲ್ಲ, ಹುಡುಗಿಯರು ಬೇಲಿ ಹಿಂದೆ ಹೋಗುತ್ತಾರೆ. ನಾಲ್ಕನೇ ಕ್ಲಾಸಿನ ಮೂವರಿಗೆ ಕಳೆಯುವ ಲೆಕ್ಕ ಬರುವುದಿಲ್ಲ. ಬರೆಯುತ್ತಾ ಬರೆಯುತ್ತಾ ನನಗೇ ಸಿಟ್ಟು ಬಂದು ಮಾತು ಖಾರವಾಯಿತು. ಸೌಮ್ಯಕ್ಕ ಓದಿ ಬೆನ್ನು ತಟ್ಟಿದರು. "ಇದನ್ನ ಓದಿದ್ರೆ ಯಾವ ಆಫೀಸರೂ ಸುಮ್ನೆ ಕೂರಲ್ಲ."

ಕೊನೆಯ ವಾರ ಅವರು ನನ್ನ ಕೈಗೆ ಎರಡು ಹಾಳೆ ಕೊಟ್ಟರು. ಅದರ ಮೇಲೆ ಗೆರೆ ಎಳೆದಿತ್ತು. ಪೋಷಕರ ಹೆಸರು, ಮಗುವಿನ ಹೆಸರು, ಸಹಿ. ಬೇರೇನೂ ಇರಲಿಲ್ಲ.

"ಅಕ್ಕ, ಮೇಲೆ ಮನವಿ ಬರೀಬೇಕಲ್ವಾ?"

"ಅದನ್ನ ನೀಟಾಗಿ ಟೈಪ್ ಮಾಡಿಸಿ ಮುಂದೆ ಸೇರಿಸ್ತೀವಿ ಕಣೇ. ನೀನು ಸಹಿ ಮಾಡಿಸ್ಕೊಂಡ್ ಬಾ. ಎರಡನೇ ಮೇಷ್ಟ್ರು ಬೇಕು ಅಂತಾನೇ ಹೇಳು."

ಶಾಲಾ ಸಮಿತಿಯ ಅಧ್ಯಕ್ಷರು ದೇವೀರಪ್ಪ. ಅವರ ಮೊಮ್ಮಗಳು ಎರಡನೇ ಕ್ಲಾಸಿನಲ್ಲಿದ್ದಳು. ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು.

"ಬರಹ ಎಲ್ಲವ್ವ? ಸಹಿಗೆ ಮಾತ್ರ ಜಾಗ ಬಿಟ್ಟವ್ರಲ್ಲ?"

"ಬರಹ ಕಡೂರಲ್ಲಿ ಟೈಪ್ ಮಾಡಿಸ್ತಾರೆ ತಾತ. ಎರಡನೇ ಮೇಷ್ಟ್ರು ಬೇಕು ಅಂತ. ನಾನಿದೀನಲ್ಲ," ಅಂದೆ.

ಅವರು ಇನ್ನೂ ಪೆನ್ನು ತೆಗೆದುಕೊಳ್ಳಲಿಲ್ಲ. ಆಗ ಓಬಮ್ಮ, "ಹಾಕು ಮಾವ. ಎರಡು ತಿಂಗ್ಳಿಂದ ನೋಡ್ತಿಲ್ವಾ? ಈ ಹುಡ್ಗಿ ಸುಳ್ಳು ಹೇಳೋಳಲ್ಲ," ಅಂದರು. ದೇವೀರಪ್ಪ ಸಹಿ ಹಾಕಿದರು. ಮಿಕ್ಕ ಎಂಟು ಮನೆಯವರೂ ಹಾಕಿದರು. ಹಾಳೆಯ ಕೆಳಗೆ 'ಸಂಗ್ರಹಿಸಿದವರು' ಅನ್ನುವ ಜಾಗದಲ್ಲಿ ನಾನು ನನ್ನ ಹೆಸರು ಬರೆದೆ. ಹೆಮ್ಮೆಯಿಂದಲೇ ಬರೆದೆ.

ಜೂನ್ ಮೊದಲ ವಾರ ಓಬಮ್ಮನ ಫೋನ್ ಬಂತು. ನಾನು ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಅಬ್ಬಾನ ಅಂಗಡಿಯಲ್ಲಿದ್ದೆ. ಅಬ್ಬಾ ಆಟೋ, ಲಾರಿಗಳ ಸೀಟು ಹೊಲಿಯುತ್ತಾರೆ. ಫೋನೆತ್ತಿದಾಗ ಹಲೋ ಇಲ್ಲ, ಚೆನ್ನಾಗಿದೀಯಾ ಇಲ್ಲ.

"ಏನ್ ಬರೆಸ್ಕೊಂಡ್ ಹೋದೆ ತಾಯಿ ನಮ್ಮತ್ರ?"

"ಏನಾಯ್ತು ಓಬಮ್ಮಾ?"

"ಶಾಲೆಗೆ ಬೀಗ ಹಾಕವ್ರೆ. ಮಕ್ಕಳೆಲ್ಲ ಹೊಸಕಟ್ಟೆ ಶಾಲೆಗೆ ಹೋಗ್ಬೇಕಂತೆ. ಊರೋರೇ ಒಪ್ಪಿ ಸಹಿ ಹಾಕವ್ರಂತೆ. ನಾನ್ಯಾವಾಗ್ ಒಪ್ಪಿದ್ದೆ? ನಮ್ಮಾವ ಯಾವಾಗ್ ಒಪ್ಪಿದ್ದ?"

ಏನೋ ತಪ್ಪಾಗಿದೆ, ಸೌಮ್ಯಕ್ಕನಿಗೆ ಹೇಳಿ ಸರಿ ಮಾಡಿಸ್ತೀನಿ ಅಂದೆ. ಆ ಕ್ಷಣದಲ್ಲೂ ನಾನು ಅವರನ್ನು ಅನುಮಾನಿಸಲಿಲ್ಲ. ಸೌಮ್ಯಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಹಾಕಿದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಅವರ ಸ್ಟೇಟಸ್ ತೆರೆದು ನೋಡಿದಾಗ ಹಳದಿ ವ್ಯಾನ್ ಒಂದರ ಮುಂದೆ ರಿಬ್ಬನ್ ಹಿಡಿದು ನಿಂತಿದ್ದ ಜನ ಕಂಡರು. ಮುಂದಿನದರಲ್ಲಿ ನಾನೂ ಓಬಮ್ಮನೂ ಶಾಲೆಯ ಜಗುಲಿಯಲ್ಲಿ ನಗುತ್ತಾ ಕೂತಿದ್ದ ಫೋಟೋ. ಅದರ ಕೆಳಗೆ, 'ಸಮುದಾಯದ ಪೂರ್ಣ ಒಪ್ಪಿಗೆಯೊಂದಿಗೆ.'

ಮರುದಿನ ಕಡೂರಿಗೆ ಹೋದಾಗ ರುದ್ರಮೂರ್ತಿ ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, ಊರಿನವರ ಹೆಸರಿನ ಒಪ್ಪಿಗೆ ಪತ್ರದ ಜೆರಾಕ್ಸ್ ಪ್ರತಿ ಕೊಟ್ಟರು. ಅವರನ್ನು ಬೇರೆ ಊರಿಗೆ ಹಾಕಿದ್ದರು. "ನಾನ್ ಏನೂ ಹೇಳೋ ಹಂಗಿಲ್ಲಮ್ಮ. ನೀವೇ ಓದ್ಕೊಳ್ಳಿ," ಅಂದು ಸ್ಟ್ಯಾಂಡಿನಲ್ಲೇ ನನ್ನನ್ನು ಬಿಟ್ಟು ಬಸ್ ಹತ್ತಿದರು.

ಮೊದಲ ಪುಟ ಟೈಪ್ ಮಾಡಿದ ಪತ್ರ. ಹುಲ್ಲೇನಹಟ್ಟಿಯ ಪೋಷಕರಾದ ನಾವು ನಮ್ಮ ಶಾಲೆಯನ್ನು ಹೊಸಕಟ್ಟೆ ಶಾಲೆಯೊಂದಿಗೆ ಸೇರಿಸಲು ಸ್ವಇಚ್ಛೆಯಿಂದ ಒಪ್ಪಿರುತ್ತೇವೆ. ಅದರ ಕೆಳಗೆ ಕಾರಣಗಳು. ಸೋರುವ ಸೂರು, ನೀರಿಲ್ಲದ ಶೌಚಾಲಯ, ಬೇಲಿ ಹಿಂದೆ ಹೋಗುವ ಹುಡುಗಿಯರು, ಕಳೆಯುವ ಲೆಕ್ಕ. ಒಂದೊಂದು ವಾಕ್ಯವೂ ನನ್ನದು. ನಾನು ಹಾಕಿದ್ದ ಅಲ್ಪವಿರಾಮವನ್ನೂ ಬದಲಾಯಿಸಿರಲಿಲ್ಲ. ಹಿಂದೆ ಸಹಿಯ ಹಾಳೆಗಳು, ಕೊನೆಯಲ್ಲಿ ನನ್ನ ಹೆಸರು. ಮತ್ತೆ ಮೊದಲ ಪುಟಕ್ಕೆ ಬಂದಾಗ ಮೂಲೆಯಲ್ಲಿದ್ದ ತಾರೀಖು ಕಣ್ಣಿಗೆ ಬಿತ್ತು. ಜನವರಿ ಒಂಬತ್ತು. ನಾನು ಸಂಸ್ಥೆಗೆ ಸೇರಿದ್ದು ಜನವರಿ ಹತ್ತೊಂಬತ್ತಕ್ಕೆ. ಕಾರಣಗಳ ಪಟ್ಟಿಯನ್ನು ಆಮೇಲೆ ತುಂಬಿಸಿ, ತಾರೀಖು ತಿದ್ದುವುದನ್ನು ಮರೆತಿದ್ದರು. ನಾನು ಆ ಹಳ್ಳ ದಾಟುವ ಮೊದಲೇ ಆ ಊರು ಒಪ್ಪಿಕೊಂಡಾಗಿತ್ತು.

ಅಲ್ಲಿಂದ ನೇರವಾಗಿ ಹೋಗಿ ಸಂಸ್ಥೆಯ ಮೆಟ್ಟಿಲು ಹತ್ತಿದೆ. ಸೌಮ್ಯಕ್ಕ ಒಬ್ಬರೇ ಇದ್ದರು. ನನ್ನ ಕೈಯಲ್ಲಿದ್ದ ಜೆರಾಕ್ಸ್ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

"ಕೂತ್ಕೋ."

"ಇದೇನಕ್ಕ?"

"ಕೂತ್ಕೋ ತರನ್ನುಮ್, ಹೇಳ್ತೀನಿ. ಹೊಸಕಟ್ಟೆ ಶಾಲೇನ ಮಾದರಿ ಶಾಲೆ ಮಾಡೋಕೆ ಒಂದು ಕಂಪನಿ ಮುಂದೆ ಬಂದಿದೆ. ಕಂಪ್ಯೂಟರು, ಆಟದ ಮೈದಾನ, ವ್ಯಾನು, ಎಲ್ಲಾ ಕೊಡ್ತಾರೆ. ಆದ್ರೆ ಐವತ್ತು ಮಕ್ಕಳಾದ್ರೂ ಇರ್ಬೇಕು. ಅಲ್ಲಿದ್ದಿದ್ದು ನಲವತ್ತೊಂದು."

"ಅದಕ್ಕೆ ನಮ್ ಹನ್ನೊಂದು ಮಕ್ಕಳು."

"ಅವ್ರಿಗೇ ಒಳ್ಳೇದಲ್ವೇನೇ? ಅಲ್ಲಿ ಐದು ಜನ ಟೀಚರ್ ಇದಾರೆ. ನೀನೇ ಬರ್ದಿದೀಯ, ನಾಲ್ಕನೇ ಕ್ಲಾಸಿನೋರಿಗೆ ಕಳೆಯೋಕ್ ಬರಲ್ಲ ಅಂತ. ಆ ಕೊಠಡಿ ಉಳಿಸೋದು ಮುಖ್ಯನಾ, ಮಕ್ಕಳು ಮುಖ್ಯನಾ?"

"ಹಂಗಾದ್ರೆ ಅವ್ರಿಗೆ ಹೇಳ್ಬಹುದಿತ್ತು. ನಂಗಾದ್ರೂ ಹೇಳ್ಬಹುದಿತ್ತು."

"ಹೇಳಿದ್ರೆ ಒಪ್ತಿರಲಿಲ್ಲ ಅವ್ರು."

"ಒಪ್ತಿರಲಿಲ್ಲ ಅಂತ ಗೊತ್ತಿದ್ದೂ, ಒಪ್ಪಿದಾರೆ ಅಂತ ಯಾಕಕ್ಕ ಬರೆಸಿದ್ರಿ?"

ಅವರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಅಂಗಡಿಯವರು ಗೊಬ್ಬರದ ಮೂಟೆ ಇಳಿಸುತ್ತಿದ್ದ ಸದ್ದು ಕೇಳುತ್ತಿತ್ತು. ಅವರ ಮುಖದಲ್ಲಿ ನಾಚಿಕೆ ಕಾಣುತ್ತದೇನೋ ಅಂತ ನಾನು ಕಾದೆ. ಕಂಡಿದ್ದು ಆಯಾಸ ಮಾತ್ರ.

"ನಿನ್ನನ್ನೇ ಯಾಕ್ ಕಳಿಸ್ದೆ ಗೊತ್ತಾ? ನಮ್ ಕಾರ್ಯಕರ್ತೆಯರನ್ನ ಆ ಊರೋರು ಒಳಗೇ ಬಿಟ್ಕೊಳ್ಳಲ್ಲ. ನಿನ್ನ ಮುಖ ನೋಡಿದ್ರೆ ಯಾರಿಗಾದ್ರೂ ನಂಬಿಕೆ ಬರ್ತದೆ. ಅದು ದೊಡ್ಡ ಗುಣ ಕಣೇ, ಈ ಕೆಲಸದಲ್ಲಿ ಎಲ್ರಿಗೂ ಇರಲ್ಲ."

ಅವರು ಹೊಗಳಿಕೆ ಅಂತಲೇ ಹೇಳಿದ್ದರು. ಎಂಟು ವಾರ ಹಂಚಿಕೊಂಡು ತಿಂದ ರೊಟ್ಟಿ, ಬೆನ್ನು ತಟ್ಟಿದ್ದು, ಅಕ್ಕ ಅನ್ನು ಅಂದದ್ದು, ಎಲ್ಲ ಇದಕ್ಕೇ ಏನು? ಕೇಳಬೇಕೆಂದುಕೊಂಡವಳು ಕೇಳದೆ ಜೆರಾಕ್ಸ್ ಮಡಚಿ ಚೀಲಕ್ಕೆ ಹಾಕಿಕೊಂಡೆ. ಹೊರಟಾಗ ಅವರು ಹಿಂದಿನಿಂದ ಮೆಲ್ಲಗೆ ಹೇಳಿದರು, "ನಿನ್ನ ಮೌಲ್ಯಮಾಪನದ ಫಾರಂ ಇನ್ನೂ ನನ್ನ ಹತ್ರಾನೇ ಇದೆ. ದುಡುಕ್ಬೇಡ."

ಮನೆಯಲ್ಲಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಅಮ್ಮಿ ಜ್ವರ ಅಂದುಕೊಂಡು ಹಣೆ ಮುಟ್ಟಿ ನೋಡಿದರು. ಮೂರನೇ ದಿನ ಅಂಗಡಿಯಲ್ಲಿ ಅಬ್ಬಾನಿಗೆ ಎಲ್ಲ ಹೇಳಿದೆ. ಅವರು ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿಸಿಕೊಂಡರು. ನಮ್ಮ ಮನೆಮಾತು ದಖ್ನಿಯಲ್ಲೇ ಒಂದೇ ಪ್ರಶ್ನೆ ಕೇಳಿದರು: ಆ ಕಾಗದದಲ್ಲಿ ನಿನ್ನ ಹೆಸರು ಇದೆಯಾ?

ಇದೆ ಅಂದೆ.

ಹಾಗಿದ್ದರೆ ಆ ಊರಿಗೆ ನೀನೇ ಹೋಗಿ ಹೇಳಬೇಕು, ಅವರೇನಂದರೂ ಕೇಳಿಸಿಕೊಂಡು ಬರಬೇಕು, ಅಂದರು. ನಾನೂ ಬರಲಾ ಅಂತ ಕೇಳಿದರು. ಬೇಡ ಅಂದೆ.

ಹೋಗುವ ಮೊದಲು ಶಿಕ್ಷಣ ಇಲಾಖೆಗೆ ನಾನೇ ಒಂದು ಪತ್ರ ಬರೆದೆ. ಈ ಸಹಿಗಳನ್ನು ಸಂಗ್ರಹಿಸಿದವಳು ನಾನು. ಎರಡನೇ ಶಿಕ್ಷಕರನ್ನು ಕೊಡಿ ಎಂಬ ಮನವಿಗೆ ಎಂದು ಹೇಳಿ ಸಹಿ ಪಡೆದಿದ್ದೇನೆ. ಶಾಲೆ ಸೇರಿಸುವ ಒಪ್ಪಿಗೆ ಪತ್ರವನ್ನು ಸಹಿ ಹಾಕಿದವರಿಗೆ ತೋರಿಸಿಲ್ಲ, ನನಗೂ ತೋರಿಸಿಲ್ಲ. ಕೆಳಗೆ ಹೆಸರು, ವಿಳಾಸ, ಫೋನ್ ನಂಬರ್.

ಹುಲ್ಲೇನಹಟ್ಟಿಯಲ್ಲಿ ಶಾಲೆಯ ಜಗುಲಿ ಮೇಲೆ ಏಳೆಂಟು ಜನ ಸೇರಿದರು. ಬಾಗಿಲಿಗೆ ಹೊಸ ಬೀಗ ಹಾಕಿತ್ತು. ನನ್ನನ್ನು ಯಾರೂ ಕೂರಲು ಹೇಳಲಿಲ್ಲ. ನಿಂತೇ ಪತ್ರ ಓದಿದೆ. ದೇವೀರಪ್ಪ ಇನ್ನೊಂದು ಸಲ ಓದು ಅಂದರು. ಓದಿದೆ.

"ಅಂದ್ರೆ ನಿಂಗೂ ಗೊತ್ತಿರಲಿಲ್ಲ," ಅಂದರು.

"ಗೊತ್ತಿರಲಿಲ್ಲ ತಾತ."

"ಗೊತ್ತಿಲ್ದೇ ಇದ್ದಿದ್ಕೆ ನಾನಿದೀನಲ್ಲ ಅಂತ ಯಾಕಂದೆ?"

ಒಬ್ಬ ಹೆಂಗಸು ಎದ್ದು ನಿಂತು ಜೋರಾಗಿಯೇ ಬೈದಳು. ವ್ಯಾನು ಹಳ್ಳ ದಾಟಿ ಊರೊಳಗೆ ಬರುವುದಿಲ್ಲವಂತೆ. ಟಾರ್ ರಸ್ತೆಯವರೆಗೆ ಮಕ್ಕಳನ್ನು ನಡೆಸಿಕೊಂಡು ಹೋಗಬೇಕು. ಕೂಲಿ ಹೊತ್ತಿಗೆ ಅವಳಿಗೆ ಆಗುವುದಿಲ್ಲ. ಒಂದನೇ ಕ್ಲಾಸಿಗೆ ಹೋಗಬೇಕಾದ ಅವಳ ಮಗ, ಪಕ್ಕದ ಮನೆಯ ಹುಡುಗಿ, ಇಬ್ಬರೂ ಮನೆಯಲ್ಲೇ ಉಳಿದಿದ್ದರು. ನಾನು ಕೇಳಿಸಿಕೊಂಡೆ. ಅಳು ಬಂತು, ಆದರೆ ಅಲ್ಲಿ ಅತ್ತರೆ ಅವರು ನನ್ನನ್ನು ಸಮಾಧಾನ ಮಾಡಬೇಕಾಗುತ್ತದಲ್ಲ ಅಂತ ತಡೆದುಕೊಂಡೆ.

ದೇವೀರಪ್ಪ ಕೊನೆಗೆ, "ಶಾಲೆ ಬೀಗ ತೆಗೀರಿ ಅಂತ ನಾವೂ ಒಂದು ಅರ್ಜಿ ಕೊಡಾನ," ಅಂದರು. "ನಾನ್ ಹೇಳ್ತೀನಿ, ನೀನ್ ಬರಿ. ಬರ್ದ ಹಾಳೇಲೇ, ಕೊನೇ ಸಾಲಿನ ಕೆಳಗೇ ಸಹಿ ಹಾಕ್ತೀವಿ. ಮಧ್ಯ ಒಂದು ಬೆರಳಷ್ಟೂ ಜಾಗ ಬಿಡ್ಬೇಡ."

ಹಾಗೇ ಬರೆದೆ. ಒಬ್ಬೊಬ್ಬರೂ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಬೇರೆಯವರಿಂದ ಓದಿಸಿ ಕೇಳಿದ ಮೇಲೆ ಸಹಿ ಹಾಕಿದರು. ಓಬಮ್ಮ ಮಾತ್ರ ಜಗುಲಿಯ ತುದಿಯಲ್ಲಿ ಕೂತವರು ಏಳಲಿಲ್ಲ. ಅವರ ಮಕ್ಕಳು ಶಾಲೆ ಮುಗಿಸಿ ಎಷ್ಟೋ ವರ್ಷವಾಗಿತ್ತು, ಸಹಿ ಅವರದು ಬೇಕಾಗಿಯೂ ಇರಲಿಲ್ಲ. ಆದರೂ ನಾನು ಅವರತ್ತ ನೋಡಿದೆ. ಅವರು ಬೀಗದ ಕಡೆ ನೋಡುತ್ತಿದ್ದರು. ಆ ಊರಿನಲ್ಲಿ ನನ್ನ ಪರವಾಗಿ ಮಾತು ಕೊಟ್ಟವರು ಅವರು. ಬೀಗ ಬಿದ್ದ ದಿನದಿಂದ ಎಲ್ಲರೂ ಮೊದಲು ಬೈದದ್ದು ಅವರನ್ನೇ ಅಂತ ಆಮೇಲೆ ಗೊತ್ತಾಯಿತು.

ಕಡೂರಿನ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಎರಡೂ ಪತ್ರ ತೆಗೆದುಕೊಂಡು ಮೊಹರು ಹಾಕಿ ಪ್ರತಿ ಕೊಟ್ಟರು. ಜುಲೈನಲ್ಲಿ ಒಬ್ಬ ಅಧಿಕಾರಿ ಊರಿಗೆ ಬಂದು ವಿಚಾರಿಸಿಕೊಂಡು ಹೋದರು. ಈ ವರ್ಷ ದಾಖಲಾತಿ ಮುಗಿದಿದೆ, ಬರುವ ವರ್ಷ ಪರಿಶೀಲಿಸೋಣ ಅಂದರಂತೆ. ವ್ಯಾನು ಮಾತ್ರ ಹಳ್ಳ ದಾಟಿ ಊರೊಳಗೆ ಬರತೊಡಗಿತು. ಮನೆಯಲ್ಲಿ ಉಳಿದಿದ್ದ ಇಬ್ಬರು ಮಕ್ಕಳೂ ಅದರಲ್ಲಿ ಹೋಗುತ್ತಿದ್ದಾರೆ. ದೇವೀರಪ್ಪನವರ ಮೊಮ್ಮಗಳಿಗೆ ಹೊಸ ಶಾಲೆ ಇಷ್ಟವಾಗಿದೆಯಂತೆ. ಅದನ್ನು ಕೇಳಿ ನನಗೆ ಸಂತೋಷವೂ ಆಯಿತು, ಹೇಳಲಾಗದ ಒಂದು ಬಗೆಯ ಸಂಕಟವೂ ಆಯಿತು. ಸೌಮ್ಯಕ್ಕ ಹೇಳಿದ್ದರಲ್ಲಿ ಒಂದಷ್ಟು ನಿಜವಿತ್ತಲ್ಲ. ಹಾಗಿದ್ದ ಮೇಲೆ ಆ ನಿಜವನ್ನೇ ಹಿಡಿದುಕೊಂಡು ಆ ಜಗುಲಿಗೆ ಬಂದು ಮಾತಾಡಲು ಅವರಿಗೇನಾಗಿತ್ತು?

ಸೌಮ್ಯಕ್ಕ ನನ್ನ ಮೌಲ್ಯಮಾಪನದ ಫಾರಂ ಕಾಲೇಜಿಗೆ ಕಳಿಸಲಿಲ್ಲ. ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದು ಕಾಲೇಜಿಗೆ ಕೊಟ್ಟೆ. ನಮ್ಮ ಮೇಷ್ಟ್ರು ರೇಣುಕಪ್ರಸಾದ್ ಸರ್ ಪೂರ್ತಿ ಓದಿ, "ಸಂಸ್ಥೆ ಹೆಸರು ತೆಗೆದುಬಿಡಮ್ಮ, ನಾಳೆ ಬೇರೆ ಮಕ್ಕಳನ್ನ ಅಲ್ಲಿಗೆ ಕಳಿಸ್ಬೇಕು," ಅಂದರು. ತೆಗೆಯಲಿಲ್ಲ. ಇಂಟರ್ನ್‌ಶಿಪ್ ಅಪೂರ್ಣ ಅಂತ ಬರೆದರು. ಮುಂದಿನ ವರ್ಷ ಇನ್ನೊಂದು ಸಲ ಮಾಡಬೇಕು.

ಆಗಸ್ಟ್ ಕೊನೆಯಲ್ಲಿ ಓಬಮ್ಮನನ್ನು ನೋಡಲು ಹೋದೆ. ಮನೆಗೆ ಬೀಗ. ದೇವನೂರಿನ ಕಡೆ ಯಾರದೋ ಹೊಲದಲ್ಲಿ ಈರುಳ್ಳಿ ಕೀಳಲು ಹೋಗಿದ್ದಾರೆ ಅಂದರು. ಹುಡುಕಿಕೊಂಡು ಹೋದೆ. ಬಿಸಿಲಲ್ಲಿ ಸಾಲಾಗಿ ಕೂತ ಹೆಂಗಸರ ನಡುವೆ ಅವರು ಈರುಳ್ಳಿಯ ಸೊಪ್ಪು ಕತ್ತರಿಸುತ್ತಿದ್ದರು. ನನ್ನನ್ನು ನೋಡಿ ಕುಡುಗೋಲು ಕೆಳಗಿಟ್ಟು ಬದುವಿಗೆ ಬಂದರು. ಮುಖ ಕಂದಿತ್ತು. ಹೊಸಕಟ್ಟೆ ಶಾಲೆಯಲ್ಲಿ ಆಗಲೇ ಅಡುಗೆಯವರು ಇದ್ದರು, ಇವರಿಗೆ ಅಲ್ಲಿ ಜಾಗ ಇರಲಿಲ್ಲ.

"ಓದು ಮುಗೀತಾ?"

"ಇಲ್ಲ, ಇನ್ನೊಂದು ವರ್ಷ ಐತೆ."

"ಓದು ಚೆನ್ನಾಗಿ."

ನಾನು ತಪ್ಪಾಯಿತು ಅಂದೆ. ಆವರೆಗೆ ಆ ಮಾತನ್ನು ಅವರಿಗೆ ಒಬ್ಬರಿಗೇ ಹೇಳಿರಲಿಲ್ಲ. ಓಬಮ್ಮ ಅಂಗೈಗೆ ಅಂಟಿದ ಈರುಳ್ಳಿ ಸಿಪ್ಪೆ ಒಂದೊಂದಾಗಿ ಬಿಡಿಸಿಕೊಂಡರು.

"ನಿನ್ ಮೇಲೆ ಸಿಟ್ಟಿಲ್ಲ ಕಣವ್ವ," ಅಂದರು. "ನೀನೂ ಮೋಸ ಹೋದೆ, ಅದು ಗೊತ್ತಾಯ್ತು. ಆದ್ರೆ ಬಾ, ಮನೆಗೆ ಹೋಗಾನ ಅಂತ ಕರೆಯೋಕೆ ಬಾಯಿ ಬರ್ತಿಲ್ಲ ನೋಡು. ಏನ್ ಮಾಡ್ಲಿ?"

"ಪರವಾಗಿಲ್ಲ ಓಬಮ್ಮಾ."

"ಬಿಸ್ಲಲ್ಲಿ ನಿಂತ್ಕಬೇಡ. ಮೂರೂವರೆಗೆ ಬಸ್ ಐತೆ."

ಅವರು ವಾಪಸ್ ಹೋಗಿ ಸಾಲಿನಲ್ಲಿ ತಮ್ಮ ಜಾಗದಲ್ಲಿ ಕೂತರು. ಪಕ್ಕದವಳು ನನ್ನ ಕಡೆ ನೋಡಿ ಯಾರು ಅಂತ ಕೇಳಿದಳು. ಓಬಮ್ಮ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ನಾನು ಬದುವಿನ ಮೇಲೆ ನಡೆದು ರಸ್ತೆಗೆ ಬಂದೆ.